ಷರಾ

ಫಾರಂ ಬಂದಿದೆ, ಎರಡು ಹಾಳೆ.
ಸಾಲ್ತೊ ಆಸ್ಪತ್ರೆಯ ಮೊಹರು ಓರೆಯಾಗಿ ಬಿದ್ದಿದೆ.
'ರೋಗಿಯ ಕುಟುಂಬದವರು ಮಾತ್ರ ತುಂಬತಕ್ಕದ್ದು.'
ರೋಗಿ ಅಡುಗೆಮನೆಯಲ್ಲಿ ಕೂತು
ಕಿತ್ತಳೆ ಸುಲಿಯುತ್ತಿದ್ದಾನೆ, ನಿಧಾನ,
ಬೆರಳಿಗೆ ಇನ್ನೂ ಹಳೆಯ ಕಸುವು ಬಂದಿಲ್ಲ.
ಅವನನ್ನು ಯಾರೂ ಏನೂ ಕೇಳಿಲ್ಲ.
ಕೇಳಿದರೂ ಹೇಳಲು ಅವನಲ್ಲೇನಿದೆ?
ಹತ್ತೊಂಬತ್ತು ದಿನ ಅವನಿಗೆ
ಮಧ್ಯಾಹ್ನದ ಒಂದು ನಿದ್ದೆ.
ಲೆಕ್ಕ ಇಟ್ಟವಳು ನಾನು.

ಒಂದರಿಂದ ಐದು. ಒಂದು ಅಂದರೆ ಏನೂ ಸಾಲದು,
ಐದು ಅಂದರೆ ಪೂರ್ಣ ತೃಪ್ತಿ.
ಉಂಡು ಎದ್ದವರು ಹೇಳುವ ಮಾತು, ತೃಪ್ತಿ.
ಆ ಕಾರಿಡಾರಿನಲ್ಲಿ ನಾವು ಉಂಡದ್ದೇನು?
ಬೆಂಚಿನ ಕಬ್ಬಿಣ, ಜುಲೈ ಚಳಿ,
ದಿನಕ್ಕೆರಡು ಸಲ ಅರ್ಧ ಗಂಟೆ ತೆರೆಯುವ ಬಾಗಿಲು.

ವೈದ್ಯರು ಅರ್ಥವಾಗುವಂತೆ ಹೇಳಿದರೇ?
ಹೇಳಿದರು. ಡಾಕ್ಟರ್ ಬೆತಾಂಕುರ್ ಚೀಟಿಯ ಹಿಂಬದಿಗೆ
ಶ್ವಾಸಕೋಶ ಬರೆದು ತೋರಿಸಿದರು,
ನೀರು ಹೊಕ್ಕ ಎರಡು ಬೂಟುಗಳ ಹಾಗಿತ್ತು.
'ಇವತ್ತು ನಿನ್ನೆಗಿಂತ ಕೆಟ್ಟಿಲ್ಲ' ಅಂದರು.
ಆ ಒಂದು ವಾಕ್ಯ ಹೊದ್ದು ಆ ರಾತ್ರಿ ಮಲಗಿದೆ.
ಐದು.

ರೋಗಿಗೆ ನೋವಾಗದಂತೆ ನೋಡಿಕೊಂಡರೇ?
ಮುಖ ನೋಡಿ ಹೇಳಬೇಕು.
ಮುಖ. ಅಲ್ಲೇ ತೊಡಕು.

ನಾಲ್ಕನೆಯ ದಿನ ಒಳಗೆ ಹೋದರೆ
ಎಂಟನೆಯ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದಾರೆ.
ಬಿಳುಚಿದ ಮೇಲ್ದುಟಿ, ಪುಕ್ಕ ಕಿತ್ತ ಕೋಳಿಯ ಚರ್ಮ,
ಅದರ ಮೇಲೆ ಕೊಳವೆ ಹಿಡಿದಿಟ್ಟ ಅಂಟುಪಟ್ಟಿ.
'ಪಟ್ಟಿ ನಿಲ್ಲುತ್ತಿರಲಿಲ್ಲ, ಬೋಳಿಸಿದೆವು' ಅಂದಳು ನರ್ಸ್ ಯಾನಿನಾ,
ಚಳಿ ಅಂತ ಕಿಟಕಿ ಮುಚ್ಚಿದೆ ಎನ್ನುವ ಹಾಗೆ.
ಮೂವತ್ತೊಂದು ವರ್ಷದ ಹಿಂದೆ
ನಾನು ಮದುವೆಯಾದದ್ದು ಆ ಮೀಸೆಯನ್ನು.
ಟಿಕೆಟ್ ತಪಾಸಣೆಗೆ ಅವನು ಬಸ್ಸು ಹತ್ತಿದರೆ
ಮೊದಲು ಮೀಸೆ ಹತ್ತುತ್ತಿತ್ತು, ಹಿಂದೆ ವಿಲ್ಮಾರ್.
ಬಾಗಿಲ ಹೊರಗೇ ಇದ್ದೆನಲ್ಲ,
ಒಂದು ಮಾತು ಕೇಳಬಾರದಿತ್ತೇ?
ಬೇಡ ಅನ್ನುತ್ತಿರಲಿಲ್ಲ.
ಕೇಳಬೇಕಿತ್ತು, ಅಷ್ಟೆ.

ಅದೇ ಯಾನಿನಾ
ಅವನ ಕಿವಿಗೆ ಬಗ್ಗಿ
'ವಿಲ್ಮಾರ್, ಈಗ ಎಡಕ್ಕೆ ಹೊರಳಿಸಲಾ?' ಅನ್ನುತ್ತಿದ್ದಳು.
ಕಿವಿ ಕೇಳದವನನ್ನು ಕೇಳಿ ಕೇಳಿ ಮಾಡುತ್ತಿದ್ದಳು,
ಕೇಳುವವಳನ್ನು ಕೇಳಲಿಲ್ಲ.
ಇದಕ್ಕೆ ಎಷ್ಟು ಅಂಕ?

ಬೆಂಚಿನ ಆ ತುದಿಗೆ ಓತಿಲಿಯಾ,
ಒಂಬತ್ತನೆಯ ಹಾಸಿಗೆಯವನ ಹೆಂಡತಿ.
ಯೆರ್ಬಾ ಸೊಪ್ಪು ತುಂಬಿದ ಸೋರೆ ಬುರುಡೆ, ಒಂದೇ ಕೊಳವೆ,
ಅವಳದೊಂದು ಸರದಿ, ನನ್ನದೊಂದು.
ಒಳಗೆ ಅವರಿಬ್ಬರದೂ ಕೊಳವೆ, ಹೊರಗೆ ನಮ್ಮಿಬ್ಬರದೂ ಕೊಳವೆ
ಅಂದುಕೊಂಡು ಒಮ್ಮೆ ನಕ್ಕೆವು,
ಕಾವಲಿನವನು ತಿರುಗಿ ನೋಡುವಷ್ಟು.
ಅವಳ ಎಲ್ಬಿಯೊ ಹದಿನೇಳನೆಯ ದಿನ ಹೋದ.
ಥರ್ಮಾಸು ನನ್ನ ಬಳಿಯೇ ಉಳಿಯಿತು,
ಅದರಲ್ಲಿ ಅರ್ಧ ಬಿಸಿನೀರು.

ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಳು,
ಕುಂಬಳಕಾಯಿ ತಟ್ಟಿ ನೋಡುತ್ತಿದ್ದಳು.
ಫಾರಂ ಬಂತಾ ಅಂದೆ.
ಬಂತು, ತುಂಬಿ ಕಳಿಸಿಯೂ ಆಯಿತು, ಎಲ್ಲಕ್ಕೂ ಐದು.
ಎಲ್ಲಕ್ಕೂ?
'ಕೊನೆಗೆ ಪರದೆ ಎಳೆದು, ಯಂತ್ರದ ಸದ್ದು ಅಡಗಿಸಿ,
ನನಗೊಂದು ಕುರ್ಚಿ ತಂದಿಟ್ಟರು.
ಕೈಯಿಲ್ಲದ ಕುರ್ಚಿ, ನೆಲಿದಾ,
ಮಂಚಕ್ಕೆ ಒತ್ತಿಕೊಂಡು ಕೂರಬಹುದಾದದ್ದು.'
ಆಮೇಲೆ ಅಂಗಡಿಯವನಿಗೆ, ಅರ್ಧ ಕೊಯ್ದು ಕೊಡಪ್ಪಾ,
ಒಬ್ಬಳಿಗೆ ಎಷ್ಟು ಬೇಕು, ಅಂದಳು.

ಗಂಡನನ್ನು ಮನೆಗೆ ಕರೆತಂದ ನಾನು
ಮೂರಕ್ಕೂ ನಾಲ್ಕಕ್ಕೂ ನಡುವೆ ಪೆನ್ನು ಹಿಡಿದು ಕೂತಿದ್ದೇನೆ,
ಮೀಸೆಯ ಬಾಕಿ ವಸೂಲಿಗೆ.

ಕಡೆಯಲ್ಲಿ 'ಷರಾ' ಎಂದು ಮೂರು ಗೆರೆ ಬಿಟ್ಟಿದ್ದಾರೆ.
'ಆ ಕುರ್ಚಿಗೆ ಐದು' ಎಂದು ಬರೆದೆ.
ನನ್ನದಲ್ಲ ಅದು, ಹೊಡೆದುಹಾಕಿದೆ.
'ಕೇಳಿ' ಎಂದು ಬರೆದೆ.
ಮುಂದೆ ಏನೂ ಹೊಳೆಯಲಿಲ್ಲ.

'ಈ ಸಲದ್ದು ಹುಳಿ' ಅನ್ನುತ್ತಾ ವಿಲ್ಮಾರ್
ಎರಡು ತೊಳೆ ತಂದು ಹಾಳೆಯ ಮೇಲೇ ಇಟ್ಟ.
ತುಟಿಯ ಮೇಲೆ ಚಿಗುರಿದೆ, ಎಡಗಡೆ ಬಿಳಿ ಹೆಚ್ಚು.
ಅದನ್ನು ಸವರಿಕೊಂಡು,
ಬಿಡಲಾ, ತೆಗೆಯಲಾ, ಏನಂತೀಯ,
ಎಂದು ನನ್ನನ್ನು ಕೇಳಿದ.

ತಡೆ, ಅಂದೆ. ಪೆನ್ನಿನ ಮುಚ್ಚಳ ಹುಡುಕುತ್ತಾ.
ಯೋಚಿಸಿ ಹೇಳುತ್ತೇನೆ.